ರೇಸ್ ಕಲಿತರೆ ದುಡ್ಡು ಮಾಡಬಹುದಾ?

ಬೆಂಗಳೂರಿನ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಸಾರಾಂಶ ಹೀಗಿದೆ. ವಯಸ್ಸು 38, ಖಾಸಗಿ ಕಂಪನಿಯಲ್ಲಿ ಕೆಲಸ. ಆಫೀಸಿನ ಗೆಳೆಯರ ಜೊತೆ ಶನಿವಾರ, ಭಾನುವಾರ ರೇಸ್ ಕೋರ್ಸ್‌ಗೆ ಹೋಗುತ್ತಾರೆ. ಶುರುವಿನಲ್ಲೇ ಒಂದು ಟ್ರೆಬಲ್ ಟಿಕೆಟ್‌ಗೆ (ಮೂರು ರೇಸ್‌ಗಳ ವಿನ್ನರ್ ಹೇಳುವ ಬಾಜಿ) 22,000 ರೂಪಾಯಿ ಹೊಡೆಯಿತು. ಆಮೇಲೆ ವಾರಕ್ಕೆ ನಾಲ್ಕೈದು ಸಾವಿರ ಹೋಗುತ್ತಲೇ ಇದೆ. ಸೋತಾಗೆಲ್ಲ ಮುಂದಿನ ರೇಸ್‌ಗೆ ಡಬಲ್ ಹಾಕು ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಇನ್ನೊಬ್ಬ ಟೆಲಿಗ್ರಾಂನಲ್ಲಿ ತಿಂಗಳಿಗೆ 3,000 ಕೊಟ್ಟು ಟಿಪ್ಸ್ ತೆಗೆದುಕೊಳ್ಳುತ್ತಾನೆ. 'ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಂತೆ. ಹಾಗಾದರೆ ಸರಿಯಾಗಿ ಕಲಿತು ಆಡಿದರೆ ಲಾಭ ಮಾಡಬಹುದಲ್ವಾ? ಹೆಂಡತಿಗೆ ಇದು ಇಷ್ಟವಿಲ್ಲ. ಹವ್ಯಾಸದ ಮಟ್ಟಕ್ಕೆ ಇಟ್ಟುಕೊಳ್ಳೋದು ಹೇಗೆ? ಆ 22,000ದಲ್ಲಿ ಟ್ಯಾಕ್ಸ್ ಅಂತ ಹಿಡಿದುಕೊಂಡ ಹಣ ವಾಪಸ್ ಬರುತ್ತಾ?'

ಸುಪ್ರೀಂ ಕೋರ್ಟ್ ವಿಷಯದಿಂದಲೇ ಶುರು ಮಾಡೋಣ. ನಿಮ್ಮ ಗೆಳೆಯರ ಗುಂಪಿನಲ್ಲಿ ಅದೇ ದೊಡ್ಡ ಆಸರೆ ಅನ್ನಿಸುತ್ತದೆ. ತೀರ್ಪು ನಿಜ. ತಮಿಳುನಾಡು ಸರ್ಕಾರ 1974ರಲ್ಲಿ ಕುದುರೆ ಪಂದ್ಯದ ಬಾಜಿ ನಿಲ್ಲಿಸಲು ಕಾನೂನು ತಂದಿತ್ತು. ಆ ಜಗಳ ದೆಹಲಿಗೆ ಹೋಗಿ, 1996ರ ಜನವರಿಯಲ್ಲಿ ಕೆ. ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಎಂದಿತು. ಕುದುರೆಯ ತಳಿ, ತರಬೇತಿ, ಜಾಕಿಯ ಕೈಚಳಕ, ಇದನ್ನೆಲ್ಲ ಓದಿ ಅಳೆಯುವ ಪಂಟರ್‌ನ (ಬಾಜಿ ಕಟ್ಟುವವನ) ತಿಳಿವಳಿಕೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ ಎಂಬುದು ಅದರ ವಾದ. ರೇಸ್ ಕ್ಲಬ್‌ಗಳು ಇವತ್ತು ಬಾಗಿಲು ತೆರೆದಿರೋದಕ್ಕೆ ಈ ತೀರ್ಪು ದೊಡ್ಡ ಕಾರಣ.

ಆದರೆ ಕೋರ್ಟ್ ಹೇಳಿದ್ದು ಆಟದ ಜಾತಿ ಯಾವುದು ಅಂತ. ಆಡಿದವರಿಗೆ ಲಾಭ ಆಗುತ್ತದೆ ಅಂತ ಅಲ್ಲ. ಚೆಸ್ ಕೂಡ ಕೌಶಲದ ಆಟವೇ. ಹಾಗಂತ ಪ್ರತಿ ಆಟಕ್ಕೂ ಫೀಸ್ ಕಟ್ಟಿ, ನಿಮ್ಮಷ್ಟೇ ಓದಿಕೊಂಡವರ ಎದುರು ಕೂತರೆ ಕೈಗೆ ಏನು ಬರುತ್ತದೆ? ರೇಸ್‌ನಲ್ಲೂ ಹಾಗೇ. ನೀವು ಆಡುತ್ತಿರೋದು ಕುದುರೆಯ ಎದುರು ಅಲ್ಲ. ಕೌಂಟರ್ ಕ್ಯೂನಲ್ಲಿ ನಿಮ್ಮ ಹಿಂದೆ ಮುಂದೆ ನಿಂತವರ ಎದುರು.

ಟೋಟ್, ಅಂದರೆ ಎಲ್ಲರ ಬಾಜಿ ಒಟ್ಟು ಮಾಡಿ ಗೆದ್ದವರಿಗೆ ಹಂಚುವ ಪದ್ಧತಿ, ಹೇಗೆ ನಡೆಯುತ್ತದೆ ನೋಡಿ. ಒಂದು ರೇಸ್‌ನ ವಿನ್ ಪೂಲ್‌ಗೆ (ಗೆಲ್ಲುವ ಕುದುರೆ ಹೇಳುವ ಬಾಜಿಗೆ) ಎಲ್ಲರೂ ಹಾಕಿದ ಹಣ ಒಂದೇ ರಾಶಿ ಆಗುತ್ತದೆ. ಅದರಿಂದ ಕಮಿಷನ್ ತೆಗೆಯುತ್ತಾರೆ. ಮಿಕ್ಕಿದ್ದನ್ನು ಗೆದ್ದ ಕುದುರೆಯ ಮೇಲೆ ಹಾಕಿದವರಿಗೆ ಹಂಚುತ್ತಾರೆ. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೋಸೆಫ್ ಓಲರ್ ಎಂಬಾತ ಶುರು ಮಾಡಿದ ಪದ್ಧತಿ ಇದು. 1913ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಜಾರ್ಜ್ ಜೂಲಿಯಸ್ ಅದಕ್ಕೊಂದು ಯಂತ್ರ ಕಟ್ಟಿಕೊಟ್ಟ. ಈಗ ಆ ಲೆಕ್ಕ ಕಂಪ್ಯೂಟರ್ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಇಲ್ಲಿ ಒಳ್ಳೆಯ ಕುದುರೆ ಹುಡುಕಿದರೆ ಸಾಲದು. ಅದು ಒಳ್ಳೆಯ ಕುದುರೆ ಅಂತ ಉಳಿದವರಿಗೂ ಗೊತ್ತಿದ್ದರೆ ಹಣವೆಲ್ಲ ಅಲ್ಲೇ ಬೀಳುತ್ತದೆ, ಡಿವಿಡೆಂಡ್, ಅಂದರೆ ಗೆದ್ದ ಟಿಕೆಟ್‌ಗೆ ಸಿಗುವ ಹಣ, ಸಣ್ಣದಾಗುತ್ತದೆ. ಗೇಟ್ ಮುಚ್ಚುವ ಮೊದಲಿನ ಐದು ನಿಮಿಷದಲ್ಲಿ ಬೋರ್ಡ್ ಮೇಲಿನ ಅಂಕಿ ಕುಸಿಯೋದನ್ನು ನೀವೇ ನೋಡಿರುತ್ತೀರಿ. ನಿಮಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲದೆ ಇದ್ದಾಗ ಮಾತ್ರ ಕೌಶಲಕ್ಕೆ ಬೆಲೆ.

ಬುಕ್ಕಿಯ ಹತ್ತಿರ ಆಡಿದರೆ ಆಡ್ಸ್, ಅಂದರೆ ಒಂದು ರೂಪಾಯಿಗೆ ಎಷ್ಟು ಕೊಡುತ್ತಾನೆ ಅನ್ನುವ ದರ, ಆಗಲೇ ಗಟ್ಟಿಯಾಗುತ್ತದೆ, ಆಮೇಲೆ ಇಳಿಯುವ ಭಯ ಇಲ್ಲ. ಆದರೆ ಆ ಆಡ್ಸ್‌ನಲ್ಲೇ ಅವನ ಲಾಭವೂ ಕೂತಿರುತ್ತದೆ. ಎಲ್ಲ ಕುದುರೆಗಳ ಆಡ್ಸ್ ಅನ್ನು ಗೆಲ್ಲುವ ಸಾಧ್ಯತೆಯ ಶೇಕಡಾವಾರು ಮಾಡಿ ಕೂಡಿಸಿ ನೋಡಿ. ನೂರಕ್ಕಿಂತ ಜಾಸ್ತಿ ಬರುತ್ತದೆ. ಆ ಜಾಸ್ತಿಯೇ ಅವನ ಸಂಬಳ.

ಇನ್ನು ತೆರಿಗೆ. ನಿಮ್ಮ ಪತ್ರದಲ್ಲಿ ಗೆಲುವಿನ ತೆರಿಗೆ ಬಗ್ಗೆ ಕೇಳಿದ್ದೀರಿ, ಆಡುವಾಗ ಕಟ್ಟುವ ತೆರಿಗೆ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಆಶ್ಚರ್ಯ ಆಗಿದ್ದು ಅದೇ. ಏಕೆಂದರೆ ಈಗ ಇಡೀ ಆಟದ ಸ್ವರೂಪವನ್ನು ಅದೇ ತೀರ್ಮಾನಿಸುತ್ತಿದೆ. ಜಿಎಸ್‌ಟಿ ಬಂದಾಗ ರೇಸ್ ಬಾಜಿಗೆ 28% ಇಟ್ಟರು. ಅದು ಪೂರ್ತಿ ಬಾಜಿಯ ಮೇಲೋ ಕ್ಲಬ್‌ನ ಕಮಿಷನ್ ಮೇಲೋ ಅನ್ನೋದು ದೊಡ್ಡ ಜಗಳ ಆಯಿತು. ಬೆಂಗಳೂರು ಮತ್ತು ಮೈಸೂರಿನ ಕ್ಲಬ್‌ಗಳು ಕೋರ್ಟ್‌ಗೆ ಹೋದವು. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕಮಿಷನ್ ಮೇಲೆ ಮಾತ್ರ ಎಂದಿತು. ಆಮೇಲೆ ಕಾನೂನನ್ನೇ ತಿದ್ದಿದರು. 2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ತಿ ಮುಖಬೆಲೆಯ ಮೇಲೆ 28% ಆಯಿತು. 2025ರ ಸೆಪ್ಟೆಂಬರ್ 22ರಿಂದ ಅದು 40%. ಕೌಶಲವೋ ಅದೃಷ್ಟವೋ ಅಂತ ಈ ತೆರಿಗೆ ಕೇಳುವುದಿಲ್ಲ.

ಈ 40% ಅಂದರೆ ಕೈಯಲ್ಲಿ ಏನಾಗುತ್ತದೆ? ಸ್ವಲ್ಪ ನಿಧಾನವಾಗಿ ಓದಿ, ಇಡೀ ಉತ್ತರದಲ್ಲಿ ಇದೇ ಮುಖ್ಯ. 100 ರೂಪಾಯಿ ಬಾಜಿಗೆ ತೆರಿಗೆ ಸೇರಿ ಜೇಬಿನಿಂದ ಹೋಗುವುದು 140 ಅಂತ ಇಟ್ಟುಕೊಳ್ಳಿ. ಒಂದಕ್ಕೆ ಒಂದು ಆಡ್ಸ್ ಇರುವ ಕುದುರೆ. ಗೆದ್ದರೆ ಕೈಗೆ ಬರುವುದು 200. ತೆರಿಗೆ ಇಲ್ಲದಿದ್ದರೆ ಹತ್ತರಲ್ಲಿ ಐದು ಸಲ ಗೆದ್ದರೆ ಸರಿಸಮ. ಈಗ ಸರಿಸಮ ಆಗಬೇಕಾದರೆ ಹತ್ತರಲ್ಲಿ ಏಳು ಸಲ ಗೆಲ್ಲಬೇಕು. ಒಂದಕ್ಕೆ ಎರಡು ಕೊಡುವ ಕುದುರೆಗೆ ನೂರರಲ್ಲಿ 33ರ ಬದಲು 47 ಸಲ. ಒಂದಕ್ಕೆ ಐದು ಕೊಡುವ ಕುದುರೆಗೆ 17ರ ಬದಲು 23ಕ್ಕಿಂತ ಸ್ವಲ್ಪ ಮೇಲೆ. ಇದು ಬರೀ ಸರಿಸಮಕ್ಕೆ. ಬುಕ್ಕಿಯ ಪಾಲು, ಕ್ಲಬ್‌ನ ಪಾಲು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಟೋಟ್‌ನಲ್ಲಿ ಈ ತೆರಿಗೆ ಟಿಕೆಟ್ ಮೇಲೆ ಬೇರೆಯಾಗಿ ಕಾಣಲಿ, ಪೂಲ್ ಒಳಗಿಂದ ಹೋಗಲಿ, ಹೊರುವವರು ನೀವೇ.

ಹಾಗಾದರೆ ಯಾರೂ ಗೆದ್ದೇ ಇಲ್ವಾ ಅಂತ ಕೇಳಬಹುದು. ಗೆದ್ದಿದ್ದಾರೆ. ಬಿಲ್ ಬೆಂಟರ್ ಎಂಬ ಅಮೆರಿಕದವನು 1980ರ ದಶಕದಿಂದ ಹಾಂಗ್‌ಕಾಂಗ್‌ನಲ್ಲಿ ಕೂತು ಕಂಪ್ಯೂಟರ್ ಮಾದರಿ ಕಟ್ಟಿ ಭಾರಿ ಹಣ ಮಾಡಿದ. 1994ರಲ್ಲಿ ತನ್ನ ವಿಧಾನದ ಬಗ್ಗೆ ಪ್ರಬಂಧವನ್ನೂ ಬರೆದ. ಅದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಅವನ ಮಾದರಿ ಚೆನ್ನಾಗಿ ಕೆಲಸ ಮಾಡಿದ್ದು ಜನರ ಆಡ್ಸನ್ನೂ ಅದರೊಳಗೆ ಸೇರಿಸಿಕೊಂಡ ಮೇಲೆ. ಅಂದರೆ ಆ ಮನುಷ್ಯನೂ ಕ್ಯೂನಲ್ಲಿ ನಿಂತವರ ಬುದ್ಧಿಯನ್ನು ತಳ್ಳಿಹಾಕಲಿಲ್ಲ. ಆದರೆ ಅವನಿಗೆ ಸಿಕ್ಕ ನೆಲ ಬೇರೆ. ಹಾಂಗ್‌ಕಾಂಗ್ ಪೂಲ್‌ಗಳು ಸಮುದ್ರದಷ್ಟು ದೊಡ್ಡವು, ವಿನ್ ಪೂಲ್‌ನಿಂದ ತೆಗೆಯೋದು 17.5%. ಅಲ್ಲಿನ ಸರ್ಕಾರ 2006ರಿಂದ ತೆರಿಗೆ ಹಾಕುತ್ತಿರುವುದು ಕ್ಲಬ್‌ನ ಗಳಿಕೆಯ ಮೇಲೆ, ಪ್ರತಿ ಟಿಕೆಟ್‌ನ ಮೇಲೆ ಅಲ್ಲ. ಇಲ್ಲಿ ನೀವು ಕೊಡುವ 140ರಲ್ಲಿ 40 ಅಂದರೆ 28.6%, ಮೊದಲ ಹೆಜ್ಜೆಯಲ್ಲೇ ಹೋಯಿತು. ಬೆಂಟರ್‌ನನ್ನು ಇವತ್ತು ಬೆಂಗಳೂರಿಗೆ ಕರೆತಂದರೂ ಅವನು ಕಾಫಿ ಕುಡಿದು ವಾಪಸ್ ವಿಮಾನ ಹತ್ತುತ್ತಾನೆ ಅಂತ ನನ್ನ ಅನಿಸಿಕೆ.

ಡಬಲ್ ಹಾಕುವ ವಿಷಯ. ನಿಮ್ಮ ಗೆಳೆಯ ಹೇಳುವ ಲೆಕ್ಕ ಮುನ್ನೂರು ವರ್ಷದಷ್ಟು ಹಳೆಯದು, ಯಾವ ಕಾಲದಲ್ಲೂ ನಡೆದಿಲ್ಲ. ಆದರೂ ಒಂದು ಸಲ ಕಾಗದದ ಮೇಲೆ ಮಾಡಿ ನೋಡೋಣ. ಫೇವರಿಟ್ ಕುದುರೆಗಳು, ಅಂದರೆ ಜನ ಅತಿ ಹೆಚ್ಚು ನಂಬಿ ಹಣ ಹಾಕಿದವು, ಹೆಚ್ಚಿನ ದೇಶಗಳಲ್ಲಿ ಮೂರಕ್ಕೆ ಒಂದರ ಆಸುಪಾಸು ಗೆಲ್ಲುತ್ತವೆ. 200ರಿಂದ ಶುರು ಮಾಡಿ ಸೋತಾಗಲೆಲ್ಲ ಡಬಲ್ ಹಾಕಿದರೆ 200, 400, 800, 1,600, 3,200, 6,400. ಆರು ಸೋಲಿಗೆ 12,600. ತೆರಿಗೆ ಸೇರಿದರೆ 17,640. ಏಳನೆಯದಕ್ಕೆ 12,800 ಹಾಕಬೇಕು, ಅದರ ಮೇಲೆ ಮತ್ತೆ 40%. ಸತತ ಆರು ಸೋಲು ಎಲ್ಲಿ ಬರುತ್ತದೆ ಅಂತೀರಾ? ದಿನಕ್ಕೆ ಎಂಟು ರೇಸ್, ಎರಡು ದಿನಕ್ಕೆ ಹದಿನಾರು ಅಂತ ಹಿಡಿದು ಲೆಕ್ಕ ಹಾಕಿದರೆ, ವಾರಾಂತ್ಯದಲ್ಲಿ ಎಲ್ಲಾದರೂ ಇಂಥ ಸಾಲು ಬರುವ ಸಾಧ್ಯತೆ 36%ಕ್ಕಿಂತ ಜಾಸ್ತಿ. ಮೂರು ವಾರಾಂತ್ಯಕ್ಕೆ ಒಂದು ಸಲ ಅನ್ನಿ.

ಅದಕ್ಕಿಂತ ತಮಾಷೆ ಇನ್ನೊಂದಿದೆ. ಒಂದಕ್ಕೆ ಒಂದು ಆಡ್ಸ್‌ನಲ್ಲಿ 100 ಹಾಕಿ ಸೋತಿರಿ, ಹೋಗಿದ್ದು 140. ಮುಂದಿನದಕ್ಕೆ 200 ಹಾಕಿ ಗೆದ್ದಿರಿ. ಕೊಟ್ಟಿದ್ದು 280, ಬಂದಿದ್ದು 400. ಒಟ್ಟು ಕೊಟ್ಟಿದ್ದು 420. ಗೆದ್ದ ಮೇಲೂ 20 ರೂಪಾಯಿ ನಷ್ಟ! ಎರಡು ಸೋತು ಮೂರನೆಯದು ಗೆದ್ದರೆ 980 ಕೊಟ್ಟು 800 ತೆಗೆದುಕೊಳ್ಳುತ್ತೀರಿ. ಹೆಚ್ಚು ಡಬಲ್ ಮಾಡಿದಷ್ಟೂ ಗುಂಡಿ ಆಳ ಆಗುತ್ತದೆ. ಈ ನಾಲ್ಕು ಸಾಲನ್ನು ಗೆಳೆಯನಿಗೆ ಓದಿ ಹೇಳಿ.

ಟೆಲಿಗ್ರಾಂ ಟಿಪ್ಸ್ ಬಗ್ಗೆ ಜಾಸ್ತಿ ಹೇಳುವ ಅಗತ್ಯ ಇಲ್ಲ. ಒಂದು ಹಳೆಯ ಕಸುಬು ತಿಳಿದಿರಲಿ. ಎಂಟು ಕುದುರೆಗಳ ರೇಸ್. 1,600 ಜನರನ್ನು ಎಂಟು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಕುದುರೆ ಹೇಳುತ್ತಾರೆ. 200 ಜನಕ್ಕೆ ಹೇಳಿದ್ದು ಗೆದ್ದೇ ಗೆಲ್ಲುತ್ತದೆ. ಆ 200 ಜನಕ್ಕೆ ಮುಂದಿನ ರೇಸ್‌ನಲ್ಲಿ ಅದೇ ಆಟ, 25 ಜನ ಉಳಿಯುತ್ತಾರೆ. ಅದರ ಮುಂದಿನದಕ್ಕೆ ಮೂವರು. ಆ ಮೂವರ ಕಣ್ಣಿಗೆ ಇವನು ದೇವರು. ಚಂದಾ ಕಟ್ಟುವವರೂ ಊರಿಗೆಲ್ಲ ಹೇಳುವವರೂ ಅವರೇ. ಎಲ್ಲ ಟಿಪ್‌ಸ್ಟರ್‌ಗಳೂ ಇದನ್ನೇ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ನಿಜವಾಗಿಯೂ ಲಾಯದ ಒಳಗಿನ ಸುದ್ದಿ ಗೊತ್ತಿರುವವನು ಅದನ್ನು 3,000 ರೂಪಾಯಿಗೆ ಸಾವಿರ ಜನಕ್ಕೆ ಮಾರಿ ತನ್ನ ಆಡ್ಸ್ ತಾನೇ ಯಾಕೆ ಕೆಡಿಸಿಕೊಳ್ಳುತ್ತಾನೆ?

ಇದರ ಜೊತೆಗೆ ಒಂದು ಎಚ್ಚರಿಕೆ. ಇಂಥ ಗುಂಪುಗಳಲ್ಲಿ 'ಟ್ಯಾಕ್ಸ್ ಇಲ್ಲ, ಫೋನ್‌ನಲ್ಲೇ ಹಾಕಿ' ಅನ್ನುವ ಹೊರಗಿನ ಬುಕ್ಕಿಗಳು ಸಿಗುತ್ತಾರೆ. 40% ಉಳಿಯುತ್ತಲ್ಲ ಅಂತ ಆಸೆ ಆಗೋದು ಸಹಜ. ಆದರೆ ಕರ್ನಾಟಕದಲ್ಲಿ ಪರವಾನಗಿ ಇರುವ ರೇಸ್ ಕೋರ್ಸ್‌ನ ಗೊತ್ತುಪಡಿಸಿದ ಜಾಗದ ಒಳಗೆ ಆಡಿದರೆ ಮಾತ್ರ ಅದು ಸಕ್ರಮ. ಹೊರಗೆ ಆಡಿದರೆ ಪೊಲೀಸ್ ಕಾಯ್ದೆಯ ಪ್ರಕಾರ ಜೂಜು. ಆಡಿಸಿದವನ ಜೊತೆ ಆಡಿದವನಿಗೂ ಕೇಸ್. ಗೆದ್ದ ಹಣ ಕೊಡದಿದ್ದರೆ ಯಾರ ಹತ್ತಿರ ಹೋಗಿ ಹೇಳುತ್ತೀರಿ? ಇನ್ನೊಂದು, ಸಾಲದ ಮೇಲೆ ಆಡಿಸುವುದು ಅವರ ಪದ್ಧತಿ. ಕೌಂಟರ್‌ನಲ್ಲಿ ಕೈಯಲ್ಲಿದ್ದ ಹಣ ಮುಗಿದರೆ ಆಟ ಮುಗಿಯಿತು. ಫೋನ್‌ನಲ್ಲಿ ಹಾಗಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ರೇಸ್‌ಗೆ ಹೋಗಲೇಬೇಡಿ ಅಂತ ಬರೆಯುತ್ತೇನೆ ಅಂದುಕೊಂಡಿರಬಹುದು. ಇಲ್ಲ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು, ಆದರೂ ರೇಸ್ ಅಂದರೆ ಇಷ್ಟ. ಊರಿನ ಮಧ್ಯೆ ಅಷ್ಟು ದೊಡ್ಡ ಹಸಿರು, ಕೊನೆಯ ಇನ್ನೂರು ಮೀಟರ್‌ನಲ್ಲಿ ಎದ್ದುನಿಲ್ಲುವ ಜನ. ಅಂಬರೀಶ್ ಅವರಿಗೆ ಈ ಜಾಗದ ಮೇಲೆ ಎಷ್ಟು ಪ್ರೀತಿ ಇತ್ತು ಅಂದರೆ 2023ರಲ್ಲಿ ರೇಸ್ ಕೋರ್ಸ್ ರಸ್ತೆಗೇ ಅವರ ಹೆಸರಿಟ್ಟರು. ಹವ್ಯಾಸವಾಗಿ ರೇಸ್ ಚೆನ್ನಾಗಿರೋದು ಅದು ಓದಿಸುವುದರಿಂದ. ಆ ಓದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ.

ಶುಕ್ರವಾರ ಸಂಜೆ ರೇಸ್ ಪುಸ್ತಕ ತೆಗೆದುಕೊಂಡು ಕೂತುಕೊಳ್ಳಿ. ಹದಿನಾರು ರೇಸ್ ಓದಲು ಹೋಗಬೇಡಿ. ಮೂರು ಸಾಕು. ಹ್ಯಾಂಡಿಕ್ಯಾಪ್ ರೇಸ್‌ಗಳನ್ನು ಆರಿಸಿಕೊಳ್ಳಿ, ಅಲ್ಲಿ ಹಿಂದಿನ ಓಟಗಳ ದಾಖಲೆ ಇರುತ್ತದೆ. ಚಿಕ್ಕ ವಯಸ್ಸಿನ, ಇನ್ನೂ ಓಡಿಯೇ ಇಲ್ಲದ ಕುದುರೆಗಳ ರೇಸ್‌ನಲ್ಲಿ ನಿಮ್ಮ ಹತ್ತಿರ ಇರೋದು ಬೆಳಗಿನ ಅಭ್ಯಾಸದ ಟೈಮಿಂಗ್ ಮತ್ತು ಅಪ್ಪ ಅಮ್ಮನ ಹೆಸರು ಅಷ್ಟೇ. ಅಲ್ಲಿ ಲಾಯದವರಿಗೆ ಗೊತ್ತಿರುವುದು ನಿಮಗಿಂತ ತುಂಬಾ ಜಾಸ್ತಿ.

ಹ್ಯಾಂಡಿಕ್ಯಾಪ್ ಅಂದರೆ ಎಲ್ಲ ಕುದುರೆಗಳನ್ನೂ ಒಂದೇ ಮಟ್ಟಕ್ಕೆ ತರುವ ಪ್ರಯತ್ನ. ಹ್ಯಾಂಡಿಕ್ಯಾಪರ್ ಪ್ರತಿ ಕುದುರೆಗೂ ರೇಟಿಂಗ್ ಕೊಟ್ಟಿರುತ್ತಾನೆ. ಒಂದು ಪಾಯಿಂಟ್‌ಗೆ ಅರ್ಧ ಕಿಲೋ ತೂಕ. ಹತ್ತು ಪಾಯಿಂಟ್ ಮೇಲಿರುವ ಕುದುರೆ ಐದು ಕಿಲೋ ಜಾಸ್ತಿ ಹೊತ್ತು ಓಡುತ್ತದೆ. ಗೆದ್ದರೆ ರೇಟಿಂಗ್ ಏರುತ್ತದೆ, ಮುಂದಿನ ಸಲ ತೂಕ ಜಾಸ್ತಿ, ಇಲ್ಲವೇ ಮೇಲಿನ ಕ್ಲಾಸಿನ ಗಟ್ಟಿ ಕುದುರೆಗಳ ಎದುರು ಓಡಬೇಕು. ಸೋಲುತ್ತಾ ಹೋದರೆ ರೇಟಿಂಗ್ ಇಳಿಯುತ್ತದೆ. ಹಾಗಾಗಿ 'ಕಳೆದ ಸಲ ಗೆದ್ದಿದೆ' ಅನ್ನೋದು ಅರ್ಧ ಮಾತು. ಯಾವ ಕ್ಲಾಸ್‌ನಲ್ಲಿ, ಎಷ್ಟು ತೂಕ ಹೊತ್ತು, ಎಷ್ಟು ದೂರಕ್ಕೆ ಗೆದ್ದಿದೆ? 1,200 ಮೀಟರ್‌ಗೆ ಹಾರುವ ಕುದುರೆ 1,600ಕ್ಕೆ ಉಸಿರು ಬಿಡುತ್ತದೆ. ಮೇಲಿನ ಕ್ಲಾಸಿನಲ್ಲಿ ನಾಲ್ಕು ಸಲ ಹಿಂದೆ ಬಿದ್ದು, ಈಗ ಕೆಳಗಿನ ಕ್ಲಾಸ್‌ಗೆ ಇಳಿದ ಕುದುರೆಯ ದಾಖಲೆ ನೋಡಲು ಕೆಟ್ಟದಾಗಿರುತ್ತದೆ. ಆದರೆ ಎದುರಾಳಿಗಳು ಈಗ ಬೇರೆ. ಹೊಸ ಜಾಕಿಗಳಿಗೆ ತೂಕದಲ್ಲಿ ರಿಯಾಯಿತಿ ಇರುತ್ತದೆ, ಅದನ್ನೂ ಕಳೆದು ನೋಡಿ.

ಆಮೇಲೆ ಡ್ರಾ, ಅಂದರೆ ಕುದುರೆ ಯಾವ ಗೇಟ್‌ನಿಂದ ಹೊರಡುತ್ತದೆ ಅನ್ನೋದು. ಬೆಂಗಳೂರಿನಲ್ಲಿ ಕುದುರೆಗಳು ಬಲಕ್ಕೆ ತಿರುಗಿ ಓಡುತ್ತವೆ. ಚಿಕ್ಕ ದೂರದ ರೇಸ್‌ನಲ್ಲಿ ತಿರುವು ಬೇಗ ಬಂದರೆ ಹೊರಗಿನ ಗೇಟ್‌ನಿಂದ ಹೊರಟ ಕುದುರೆ ಸುಮ್ನೆ ಜಾಸ್ತಿ ದೂರ ಓಡಬೇಕಾಗುತ್ತದೆ. ಬೇಸಿಗೆ ಸೀಸನ್ ಅನ್ನುವುದು ನಮ್ಮಲ್ಲಿ ಮಳೆಗಾಲಕ್ಕೂ ಚಾಚಿಕೊಳ್ಳುತ್ತದೆ, ಡರ್ಬಿ ಬರೋದೇ ಜುಲೈನಲ್ಲಿ. ಮಳೆ ಬಿದ್ದ ಮೇಲೆ ಟ್ರ್ಯಾಕ್ ಮೆತ್ತಗಾಗುತ್ತದೆ. ಪೆನೆಟ್ರೋಮೀಟರ್ ಅನ್ನುವ ಉಪಕರಣದಿಂದ ಅಳೆದು ಅಂಕಿ ಹಾಕುತ್ತಾರೆ, ಅಂಕಿ ಜಾಸ್ತಿ ಆದಷ್ಟೂ ನೆಲ ಮೆತ್ತಗೆ. ಕೆಲವು ಕುದುರೆಗಳಿಗೆ ಕೆಸರು ಇಷ್ಟ, ಕೆಲವಕ್ಕೆ ಆಗಿಬರುವುದಿಲ್ಲ. ಹಿಂದಿನ ಮಳೆಗಾಲದ ಓಟಗಳಲ್ಲಿ ಇದಕ್ಕೆ ಉತ್ತರ ಇರುತ್ತದೆ.

ರೇಸ್‌ನ ದಿನ ಕೌಂಟರ್‌ಗಿಂತ ಮೊದಲು ಪ್ಯಾಡಕ್‌ಗೆ, ಅಂದರೆ ಓಟಕ್ಕೆ ಮೊದಲು ಕುದುರೆಗಳನ್ನು ನಡೆಸುವ ಜಾಗಕ್ಕೆ, ಹೋಗಿ. ಕುದುರೆ ಶಾಂತವಾಗಿ ನಡೆಯುತ್ತಿದೆಯಾ, ಶುರುವಿಗೆ ಮೊದಲೇ ಬೆವರಿ ನೊರೆ ಬರಿಸಿಕೊಂಡಿದೆಯಾ, ಲಾಯದವನನ್ನು ಎಳೆದಾಡುತ್ತಿದೆಯಾ ನೋಡಿ. ಒಂದೇ ದಿನಕ್ಕೆ ಏನೂ ಗೊತ್ತಾಗುವುದಿಲ್ಲ. ಅದೇ ಕುದುರೆಯನ್ನು ಮೂರನೇ ಸಲ ನೋಡುವಾಗ ಇವತ್ತು ಬೇರೆ ತರ ಇದೆಯಲ್ಲ ಅನ್ನಿಸುತ್ತದೆ. ನನಗೆ ಈ ಆಟದಲ್ಲಿ ಅತಿ ಸಂತೋಷದ ಭಾಗ ಇದೇ. ಇದಕ್ಕೆ 40% ಇಲ್ಲ. ಕುದುರೆ ಹುಚ್ಚು ಇನ್ನೂ ಜಾಸ್ತಿ ಆದರೆ ಕುಣಿಗಲ್ ಸ್ಟಡ್ ಫಾರ್ಮ್ ಬಗ್ಗೆ ಓದಿ. ಟಿಪ್ಪುವಿನ ಕಾಲದ ನಂಟು ಇರುವ ಜಾಗ ಅದು, ಬೆಂಗಳೂರಿನಿಂದ 70 ಕಿಲೋಮೀಟರ್ ಆಸುಪಾಸು ಅಷ್ಟೇ. ಪುಸ್ತಕದಲ್ಲಿ ಕಾಣುವ ತಳಿಯ ಹೆಸರುಗಳ ಹಿಂದೆ ಎಂಥ ಪ್ರಪಂಚ ಇದೆ ಅಂತ ಗೊತ್ತಾಗುತ್ತದೆ.

ಈಗ ಹಣ ಹಾಕುವ ರೀತಿ. ವಿನ್ ಮತ್ತು ಪ್ಲೇಸ್ (ಮೊದಲ ಕೆಲವು ಸ್ಥಾನಗಳಲ್ಲಿ ಬರುವ ಕುದುರೆ ಹೇಳುವುದು) ಬಿಟ್ಟು ಬೇರೆ ಪೂಲ್‌ಗಳ ಮೋಹ ನಿಮಗೆ ಜಾಸ್ತಿ ಇದೆ ಅಂತ ಪತ್ರದಿಂದ ಅನ್ನಿಸಿತು. ಮೊದಲ ಟ್ರೆಬಲ್ ಹೊಡೆದಿದ್ದು ಅದಕ್ಕೆ ಕಾರಣ ಇರಬೇಕು. ಜಾಕ್‌ಪಾಟ್‌ನಲ್ಲಿ ಐದು ರೇಸ್‌ಗಳ ವಿನ್ನರ್ ಹೇಳಬೇಕು. ಪ್ರತಿ ರೇಸ್‌ನಲ್ಲಿ ಎಂಟು ಕುದುರೆ ಇದ್ದರೂ 32,768 ಜೋಡಣೆ ಆಗುತ್ತವೆ. ರೇಸ್‌ಗೆ ಎರಡೆರಡು ಕುದುರೆ ಹಿಡಿದರೆ ನಿಮ್ಮ ಟಿಕೆಟ್ 32 ಪಾಲು, ಮೂರುಮೂರು ಹಿಡಿದರೆ 243 ಪಾಲು ದುಬಾರಿ. ಟನಾಲಾದಲ್ಲಿ ಮೊದಲ ಮೂರು ಕುದುರೆಗಳನ್ನು ಕ್ರಮವಾಗಿ ಹೇಳಬೇಕು. ಹನ್ನೆರಡು ಕುದುರೆ ಓಡಿದರೆ 1,320 ಕ್ರಮಗಳು. ಇವೆಲ್ಲ ಅಪರೂಪಕ್ಕೆ ದೊಡ್ಡ ಮೊತ್ತ ಕೊಟ್ಟು, ಉಳಿದ ದಿನ ಸದ್ದಿಲ್ಲದೆ ಜೇಬು ಖಾಲಿ ಮಾಡುವ ಪೂಲ್‌ಗಳು. ವಾರಕ್ಕೆ ಒಂದು ಚಿಕ್ಕ ಟಿಕೆಟ್ ಆಸೆಗೆ ಇರಲಿ, ಅದರ ಮೇಲೆ ಲೆಕ್ಕ ಕಟ್ಟಬೇಡಿ.

ಉದ್ದ ಆಡ್ಸ್‌ನ, ಅಂದರೆ ಗೆಲ್ಲುವ ಸಾಧ್ಯತೆ ಕಡಿಮೆ ಇದ್ದು ಗೆದ್ದರೆ ಜಾಸ್ತಿ ಕೊಡುವ, ಕುದುರೆಗಳ ವಿಷಯದಲ್ಲೂ ಹುಷಾರು. ಜನ ಅವುಗಳ ಮೇಲೆ ಅರ್ಹತೆಗಿಂತ ಜಾಸ್ತಿ ಹಣ ಹಾಕುತ್ತಾರೆ, ಫೇವರಿಟ್‌ಗಳ ಮೇಲೆ ಕಡಿಮೆ. 1949ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರಿಫಿತ್ ಇದನ್ನು ಅಂಕಿಗಳಿಂದ ತೋರಿಸಿದ. ಆಮೇಲೆ ಎಷ್ಟೋ ದೇಶಗಳಲ್ಲಿ ಅದೇ ಕಂಡುಬಂತು. 1956ರಲ್ಲಿ ಮೆಕ್‌ಗ್ಲಾಥ್ಲಿನ್ ಎಂಬಾತ ನೋಡಿದ್ದು ಇನ್ನೂ ಮಜವಾಗಿದೆ. ದಿನದ ಕೊನೆಯ ರೇಸ್‌ನಲ್ಲಿ ಈ ಚಾಳಿ ಜೋರಾಗುತ್ತದೆ. ಕಾರಣ ನಿಮಗೆ ಗೊತ್ತು. ಆ ಹೊತ್ತಿಗೆ ಹೆಚ್ಚಿನವರು ಸೋತಿರುತ್ತಾರೆ. ಮನೆಗೆ ಹೋಗುವ ಮೊದಲು ಒಂದೇ ಏಟಿಗೆ ಎಲ್ಲ ವಾಪಸ್ ಬರಲಿ ಅಂತ ಒಂದಕ್ಕೆ ಇಪ್ಪತ್ತು ಕೊಡುವ ಕುದುರೆ ಹುಡುಕುತ್ತಾರೆ. ನೀವು ಶನಿವಾರದ ನಷ್ಟವನ್ನು ಭಾನುವಾರ ಕೊನೆಯ ರೇಸ್‌ನಲ್ಲಿ ಹುಡುಕಿದ್ದನ್ನು ಪತ್ರದಲ್ಲೇ ಬರೆದಿದ್ದೀರಿ. ಹಾಗಾಗಿ ನನ್ನ ಸಲಹೆ ಇಷ್ಟು: ಕೊನೆಯ ರೇಸ್ ನೋಡಿ, ಆಡಬೇಡಿ. ಸಾಧ್ಯವಾದರೆ ಅದಕ್ಕೆ ಮೊದಲೇ ಹೊರಡಿ, ಟ್ರಾಫಿಕ್ ಆದರೂ ತಪ್ಪುತ್ತದೆ.

ಎಷ್ಟು ಹಣ? ಅದು ನಿಮ್ಮ ಮನೆಯ ಲೆಕ್ಕ, ಆದರೂ ಒಂದು ಅಳತೆ ಕೊಡುತ್ತೇನೆ. ಆ ಮೊತ್ತ ಪೂರ್ತಿ ಹೋದರೂ ಸೋಮವಾರ ಯಾರಿಗೂ ಏನೂ ಗೊತ್ತಾಗಬಾರದು, ಯಾವ ಬಿಲ್ ಕೂಡ ನಿಲ್ಲಬಾರದು. ತೆರಿಗೆ, ಎಂಟ್ರಿ ಟಿಕೆಟ್, ಊಟ ಎಲ್ಲ ಸೇರಿ ವಾರಾಂತ್ಯಕ್ಕೆ 1,500 ಅಂತ ಇಟ್ಟರೆ ಅಷ್ಟೇ ನಗದು ತೆಗೆದುಕೊಂಡು ಹೋಗಿ. ಕಾರ್ಡ್ ಮನೆಯಲ್ಲಿರಲಿ. ಪ್ರತಿ ಬಾಜಿಗೂ ಒಂದೇ ಮೊತ್ತ. ಗೆದ್ದರೂ ಸೋತರೂ ಅದು ಬದಲಾಗಬಾರದು.

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಎರಡು ತಿಂಗಳು ದುಡ್ಡು ಹಾಕದೆ ಆಡಿ. ಪ್ರತಿ ರೇಸ್ ಶುರು ಆಗುವ ಮೊದಲು ನಿಮ್ಮ ಆಯ್ಕೆ, ಆ ಹೊತ್ತಿನ ಆಡ್ಸ್, ಕಾರಣ, ಮೂರನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಪಕ್ಕದಲ್ಲೇ ಫೇವರಿಟ್ ಯಾವುದು ಅಂತಲೂ ಬರೆಯಿರಿ. ಕೊನೆಗೆ ತೆರಿಗೆ ಸೇರಿಸಿ ಎರಡರ ಲೆಕ್ಕವನ್ನೂ ಕೂಡಿಸಿ. ಕಣ್ಣು ಮುಚ್ಚಿ ಫೇವರಿಟ್ ಹಿಡಿದವನಿಗಿಂತ ನಿಮ್ಮ ನಷ್ಟ ಕಡಿಮೆ ಆಗಿದ್ದರೆ ನಿಮ್ಮಲ್ಲಿ ನಿಜವಾಗಿ ಕೌಶಲ ಇದೆ. ಅವನಿಗಿಂತ ಜಾಸ್ತಿ ಆಗಿದ್ದರೆ, ಇಷ್ಟು ದಿನದ ಓದು ಬರೀ ಸಮಾಧಾನಕ್ಕೆ. ನಷ್ಟ ಅಂತಲೇ ಬರೆದೆ, ಗಮನಿಸಿ. ಕೌಶಲ ಇದ್ದರೂ ಈಗಿನ ತೆರಿಗೆಯಲ್ಲಿ ಲಾಭಕ್ಕೆ ದಾಟುವುದು ತುಂಬಾ ಕಷ್ಟ.

ಹೆಂಡತಿಯ ವಿಷಯ. ಅವರಿಗೆ ರೇಸ್ ಇಷ್ಟವಿಲ್ಲವೋ, ಎಷ್ಟು ಹೋಗುತ್ತಿದೆ ಅಂತ ಗೊತ್ತಿಲ್ಲದ ಭಯವೋ? ಎರಡೂ ಬೇರೆ ಬೇರೆ. 22,000 ಬಂದಿದ್ದನ್ನು ಹೇಳಿದ್ದೀರಿ ಅಂತ ಬರೆದಿದ್ದೀರಿ. ಆಮೇಲೆ ಹೋಗಿದ್ದನ್ನು ಹೇಳಿದ್ದೀರಾ? ಆ ನೋಟ್‌ಬುಕ್ ಅವರ ಕೈಗೆ ಸಿಗುವ ಜಾಗದಲ್ಲೇ ಇರಲಿ. ಬರೆದ ಅಂಕಿಯನ್ನು ಮುಚ್ಚಿಡಬೇಕು ಅನ್ನಿಸಿದರೆ, ಸಾಲ ಮಾಡಿ ಆಡುವ ಯೋಚನೆ ಬಂದರೆ, ರೇಸ್ ಇಲ್ಲದ ದಿನ ಬೇರೆ ಊರಿನ ರೇಸ್‌ಗೆ ಕೈ ಹೋಗುತ್ತಿದ್ದರೆ, ಅದು ಹವ್ಯಾಸದ ಗೆರೆ ದಾಟಿದೆ. ಆಗ ನನ್ನಂಥವರ ಲೆಕ್ಕ ಸಾಲದು. ನಿಮ್ಹಾನ್ಸ್‌ನಲ್ಲಿ ವ್ಯಸನಗಳಿಗೇ ಪ್ರತ್ಯೇಕ ವಿಭಾಗ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಕರೆ ಮಾಡಬಹುದು. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ ಹಿಡಿದುಕೊಂಡ ಹಣ. ರೇಸ್ ಗೆಲುವು ಒಂದು ಸಲಕ್ಕೆ 10,000 ದಾಟಿದರೆ 30% ಟಿಡಿಎಸ್. ನಿಮ್ಮ 22,000ಕ್ಕೆ 6,600 ಹೋಗಿ 15,400 ಬಂದಿರಬೇಕು. ಅದು ವಾಪಸ್ ಬರುವುದಿಲ್ಲ, ಏಕೆಂದರೆ ಈ ಗೆಲುವಿಗೆ ತೆರಿಗೆಯೇ ನೇರ 30%. ನಿಮ್ಮ ಸಂಬಳ ಯಾವ ಸ್ಲ್ಯಾಬ್‌ನಲ್ಲಿದೆ ಅಂತ ನೋಡುವುದಿಲ್ಲ, ಮೂಲ ವಿನಾಯಿತಿಯೂ ಇದಕ್ಕೆ ಸಿಗುವುದಿಲ್ಲ. ಮೇಲೆ 4% ಸೆಸ್ ಇದೆ, ಅಂದರೆ ಇನ್ನೂ 264 ರೂಪಾಯಿ ನೀವೇ ಕಟ್ಟಬೇಕು. ಆಮೇಲಿನ ವಾರಗಳಲ್ಲಿ ಸೋತಿದ್ದನ್ನು ಇದರಲ್ಲಿ ಕಳೆಯಲು ಬಿಡುವುದಿಲ್ಲ. ಟಿಕೆಟ್ ಖರ್ಚೂ ಕಳೆಯುವ ಹಾಗಿಲ್ಲ. 10,000ಕ್ಕಿಂತ ಕಡಿಮೆಯ ಗೆಲುವುಗಳಿಗೆ ಟಿಡಿಎಸ್ ಇಲ್ಲ, ಆದರೆ ತೆರಿಗೆ ಇದೆ, ಅವನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ನೀವು ಪ್ರತಿ ವರ್ಷ ಸಹಜ್ ಅಂದರೆ ಐಟಿಆರ್-1 ಹಾಕುತ್ತಿದ್ದರೆ ಈ ಸಲ ಅದು ನಡೆಯುವುದಿಲ್ಲ. ರೇಸ್ ಗೆಲುವು ಇದ್ದವರು ಐಟಿಆರ್-2 ಹಾಕಬೇಕು. ತುಂಬುವ ಮೊದಲು 26ಎಎಸ್ (ನಿಮ್ಮ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿ) ತೆಗೆದು 6,600 ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ನೋಡಿಕೊಳ್ಳಿ. ಕೈಗೆ ಬಂದ 15,400 ಅಲ್ಲ, 22,000 ಅಂತಲೇ ಬರೆಯಿರಿ.